ನಾಟಕ ಕಲಿಯಲಿಕ್ಕೂ ಎಂ.ಎ. ಉಂಟಾ?



ಕೆಲವು ದಿನಗಳ ಹಿಂದೆ ನೆರೆಮನೆಯ ಅಕ್ಕ ಒಬ್ಬರು ಸಂಜೆಯ ಹೊತ್ತಿಗೆ ನಮ್ಮಲ್ಲಿಗೆ ಬಂದಿದ್ದರು. ಅವರ ಮಗಳು ಈ ವರ್ಷ ಬಿ.ಎ. ಮುಗಿಸಿದ್ದಾಳೆ. ಶಾಲೆಯ ದಿನಗಳಿಂದಲೂ ನಾಟಕವೆಂದರೆ ಅವಳಿಗೆ ಜೀವ. ಮನೆಯವರು ಬಿ.ಎಡ್. ಮಾಡು ಎನ್ನುತ್ತಿದ್ದರೆ, ಆಕೆ ನಾಟಕದಲ್ಲೇ ಎಂ.ಎ. ಮಾಡುತ್ತೇನೆಂದು ಹಟ ಹಿಡಿದಿದ್ದಾಳಂತೆ. ಅಕ್ಕ ಕೇಳಿದ್ದು ಎರಡೇ ಪ್ರಶ್ನೆ. "ಮಾಷ್ಟ್ರೇ, ನಾಟಕ ಕಲಿಯಲಿಕ್ಕೂ ಎಂ.ಎ. ಉಂಟಾ? ಕಲಿತರೆ ಅನ್ನ ಹುಟ್ಟೀತಾ?"

ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಂದ ನಾಟಕ ಆಡಿಸಿದವನು ನಾನು. ಆದರೂ ಆ ಕ್ಷಣಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ. ಅಕ್ಕನ ಹಾಗೆ ಯೋಚಿಸುವ ತಂದೆ ತಾಯಿಯರು ಕಾಸರಗೋಡಿನಲ್ಲಿ ಮಾತ್ರವಲ್ಲ, ತಾಳವಾಡಿಯಲ್ಲಿ, ಜತ್ತದಲ್ಲಿ, ಆದವಾನಿಯಲ್ಲಿ ಕೂಡ ಇರಬಹುದು. ಆದ್ದರಿಂದ ಇವತ್ತು ಆ ಎರಡು ಪ್ರಶ್ನೆಗಳನ್ನೇ ಬಿಡಿಸಿ ನೋಡೋಣ. ಗಡಿಯಾಚೆಯ ಕನ್ನಡಿಗರಾದ ನಮಗೆ ಮೂರನೆಯದೊಂದು ಪ್ರಶ್ನೆಯೂ ಇದೆ. ನಾಟಕ ಕಲಿಯಲು ಹೋದ ಮಗು ಯಾವ ಭಾಷೆಯಲ್ಲಿ ಕಲಿಯುತ್ತದೆ ಎಂಬುದು ಆ ಪ್ರಶ್ನೆ.

ನಾಟಕಕ್ಕೆ ಶಾಲೆ ಏಕೆ ಬೇಕು? ನಮ್ಮ ಊರುಗಳಲ್ಲಿ ಶಾಲೆಯಿಲ್ಲದೆಯೇ ಆಟ ನಡೆದಿದೆಯಲ್ಲ ಎಂದು ನೀವು ಕೇಳಬಹುದು. ನಿಜ. ಯಕ್ಷಗಾನದ ಭಾಗವತರು ಹುಡುಗರಿಗೆ ತಾಳ ಕಲಿಸಿದ್ದಾರೆ. ಬಯಲಾಟದ ಮೇಷ್ಟ್ರು ಗದ್ದೆ ಕೆಲಸ ಮುಗಿದ ಮೇಲೆ ರಾತ್ರಿಯಿಡೀ ಮಾತು ಕುಣಿತ ತಿದ್ದಿದ್ದಾರೆ. ಕಂಪನಿ ನಾಟಕದಲ್ಲಿ ಪರದೆ ಎಳೆಯುತ್ತ ಎಳೆಯುತ್ತಲೇ ಹುಡುಗರು ನಟರಾಗಿದ್ದಾರೆ. ಇವೂ ಶಾಲೆಗಳೇ. ಆದರೆ ಇಲ್ಲಿ ಕಲಿತವನು ಒಂದು ಬಗೆಯ ಆಟವನ್ನು ಚೆನ್ನಾಗಿ ಆಡಬಲ್ಲ. ಅದು ಏಕೆ ಹಾಗಿದೆ, ಬೇರೆ ಬಗೆಯಲ್ಲಿ ಹೇಗೆ ಆಡಬಹುದು ಎಂದು ಕೇಳುವ ಅವಕಾಶ ಅವನಿಗೆ ಕಡಿಮೆ. ಆ "ಏಕೆ" ಮತ್ತು "ಹೇಗೆ"ಗಳನ್ನು ಕೇಳುವುದೇ ಸ್ನಾತಕೋತ್ತರ ವ್ಯಾಸಂಗ.

ಬಿ.ವಿ. ಕಾರಂತರ ಜೀವನವನ್ನೇ ನೋಡಿ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದರು. ಮುಂದೆ ಕಾಶಿಗೆ ಹೋಗಿ ಹಿಂದಿಯಲ್ಲಿ ಎಂ.ಎ. ಮಾಡಿದರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿದ್ಯಾರ್ಥಿಯಾದರು. 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಕಂಪನಿ ನಾಟಕದ ಹಾಡು ಅವರಿಗೆ ಬಾಲ್ಯದಲ್ಲೇ ದಕ್ಕಿತ್ತು. ಅದನ್ನು ಹೊಸ ನಾಟಕಕ್ಕೆ ಹೇಗೆ ಹೊಂದಿಸಬೇಕೆಂಬ ವಿಚಾರ ಓದಿನಿಂದ ಗಟ್ಟಿಯಾಯಿತು. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಹಾಗಾದರೆ ಅಲ್ಲಿ ಏನು ಕಲಿಸುತ್ತಾರೆ? ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ಹೇಳುತ್ತದೆ. ಪಾಠಗಳನ್ನೂ ಹೆಚ್ಚುಕಡಿಮೆ ಹಾಗೆಯೇ ವಿಂಗಡಿಸಿ ತಿಳಿಯಬಹುದು. ದೇಹವನ್ನು ಪಳಗಿಸುವ ವ್ಯಾಯಾಮ, ಕಳರಿ, ಯೋಗ, ಕುಣಿತ ಇವು ಆಂಗಿಕ. ಉಸಿರು, ಉಚ್ಚಾರಣೆ, ಹಾಡು, ಮಾತಿನ ಏರಿಳಿತ ಇವು ವಾಚಿಕ. ಉಡುಪು, ಪ್ರಸಾಧನ, ರಂಗಸಜ್ಜಿಕೆ, ಬೆಳಕು ಇವು ಆಹಾರ್ಯ. ಪಾತ್ರದ ಒಳಮನಸ್ಸನ್ನು ಹಿಡಿಯುವ ಅಭ್ಯಾಸ ಸಾತ್ವಿಕ. ಇದರ ಜೊತೆಗೆ ರಂಗಭೂಮಿಯ ಇತಿಹಾಸವಿದೆ. ಸಂಸ್ಕೃತ ನಾಟಕ, ಗ್ರೀಕ್ ನಾಟಕ, ಶೇಕ್ಸ್‌ಪಿಯರ್ ಇವುಗಳ ಓದಿದೆ. ಪಾತ್ರದೊಳಕ್ಕೆ ಇಳಿಯುವ ದಾರಿ ಹುಡುಕಿದ ರಷ್ಯಾದ ಸ್ತಾನಿಸ್ಲಾವ್‌ಸ್ಕಿ, ಪಾತ್ರದಿಂದ ಒಂದು ಹೆಜ್ಜೆ ಹೊರಗೆ ನಿಂತು ಕಥೆ ಹೇಳಬೇಕೆಂದ ಜರ್ಮನಿಯ ಬ್ರೆಕ್ಟ್, ಇವರ ವಿಚಾರಗಳಿವೆ. ಭಾಗವತರ ಪದಕ್ಕೆ ಕುಣಿದು, ಆಮೇಲೆ ಅವರೊಡನೆಯೇ ಮಾತಿಗಿಳಿಯುವ ವೇಷಧಾರಿಯನ್ನು ಕಂಡ ನಮ್ಮ ಮಕ್ಕಳಿಗೆ ಬ್ರೆಕ್ಟ್ ಅಷ್ಟೇನೂ ಪರಕೀಯನೆನಿಸಲಾರ.

ಒಂದು ಉದಾಹರಣೆ ಕೊಟ್ಟರೆ ವ್ಯತ್ಯಾಸ ಸ್ಪಷ್ಟವಾದೀತು. ಗಿರೀಶ ಕಾರ್ನಾಡರ 'ತುಘಲಕ್' 1964ರಲ್ಲಿ ಬಂದ ನಾಟಕ. ಕನ್ನಡ ಎಂ.ಎ. ವಿದ್ಯಾರ್ಥಿ ಅದನ್ನು ಓದಿ ತುಘಲಕನ ಆದರ್ಶ, ಅವನ ಸೋಲು, ಆ ಕಾಲದ ರಾಜಕೀಯ ಇವುಗಳ ಬಗ್ಗೆ ಬರೆಯುತ್ತಾನೆ. ನಾಟಕದ ವಿದ್ಯಾರ್ಥಿ ಅಷ್ಟಕ್ಕೇ ನಿಲ್ಲುವಂತಿಲ್ಲ. ಮೊದಲ ದೃಶ್ಯದಲ್ಲಿ ಸುಲ್ತಾನನ ಮೇಲೆ ದಾವೆ ಗೆದ್ದ ಬ್ರಾಹ್ಮಣನೊಬ್ಬ ಬರುತ್ತಾನೆ. ಅವನು ಬ್ರಾಹ್ಮಣನಲ್ಲ, ವೇಷ ಹಾಕಿದ ಅಜೀಜ ಎಂಬುದು ದೃಶ್ಯದ ಕೊನೆಗೆ ತಿಳಿಯುತ್ತದೆ. ಈಗ ಉಡುಪು ಮಾಡುವವನು ನಿರ್ಧರಿಸಬೇಕು: ವೇಷ ಎಷ್ಟು ಸರಿಯಾಗಿರಬೇಕು? ಪೂರ್ತಿ ಸರಿಯಾಗಿದ್ದರೆ ಪ್ರೇಕ್ಷಕರೂ ಮೋಸಹೋಗುತ್ತಾರೆ. ಎಲ್ಲೋ ಒಂದು ಎಳೆ ತಪ್ಪಿದ್ದರೆ ಪ್ರೇಕ್ಷಕರಿಗೆ ಮೊದಲೇ ಅನುಮಾನ ಬರುತ್ತದೆ. ನಟ ಧ್ವನಿಯನ್ನು ಎಲ್ಲಿ ಬದಲಿಸಬೇಕು? ನೆರೆದ ಜನಜಂಗುಳಿಯನ್ನು ಹತ್ತು ಜನ ನಟರಲ್ಲೇ ತೋರಿಸುವುದು ಹೇಗೆ? ದೆಹಲಿಯಲ್ಲಿ ಇಬ್ರಾಹಿಂ ಅಲ್ಕಾಜಿಯವರು 1970ರ ದಶಕದಲ್ಲಿ ಇದೇ ನಾಟಕವನ್ನು ಪುರಾನಾ ಕಿಲಾದ ಹಳೆಯ ಗೋಡೆಗಳ ನಡುವೆಯೇ ಆಡಿಸಿದರು. ನಮ್ಮ ಶಾಲೆಯ ಜಗಲಿಯ ಮೇಲೆ ಅದೇ ನಾಟಕವನ್ನು ಆಡುವುದಾದರೆ ಏನು ಮಾಡಬೇಕು? ಇಂಥ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಬರೆದು ಉತ್ತರಿಸಿದರೆ ಸಾಲದು. ರಂಗದ ಮೇಲೆ ಮಾಡಿ ತೋರಿಸಬೇಕು. ಕೊನೆಯ ವರ್ಷ ವಿದ್ಯಾರ್ಥಿ ತಾನೇ ಒಂದು ಪ್ರಯೋಗ ಕಟ್ಟಬೇಕಾಗುತ್ತದೆ. ಬಹಳ ಕಡೆ ಒಂದು ಪ್ರಬಂಧವನ್ನೂ ಬರೆಯಬೇಕಾಗುತ್ತದೆ.

ಎಲ್ಲಿ ಕಲಿಯಬಹುದು? ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಅಂಗವಾಗಿ ಆರಂಭವಾಯಿತು. 1975ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಅಲ್ಲಿನದು ಮೂರು ವರ್ಷಗಳ ವ್ಯಾಸಂಗ. ಹೆಸರಿಗೆ ಡಿಪ್ಲೊಮಾ ಆದರೂ ಯಾವುದಾದರೊಂದು ಪದವಿ ಪಡೆದವರಿಗೆ ಮಾತ್ರ ಪ್ರವೇಶ. ಕೆಲವಾದರೂ ನಾಟಕಗಳಲ್ಲಿ ದುಡಿದ ಅನುಭವ, ಹಿಂದಿ ಮತ್ತು ಇಂಗ್ಲಿಷಿನ ಬಳಕೆಯ ಜ್ಞಾನ ಬೇಕು. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನವಿದೆ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ನಿರ್ದೇಶಕ ಪ್ರಸನ್ನ ಇಬ್ಬರೂ ಅಲ್ಲಿ ಕಲಿತವರೇ.

ಕೇರಳದಲ್ಲಿರುವ ನಮಗೆ ತೃಶ್ಶೂರು ಹತ್ತಿರ. ಅಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ನಾಟಕ ಶಾಲೆ 1977ರಿಂದ ಇದೆ, ಜಿ. ಶಂಕರಪಿಳ್ಳೆಯವರು ಅದನ್ನು ಕಟ್ಟಿ ಬೆಳೆಸಿದವರು. ತಮಿಳುನಾಡಿನ ಕಡೆಯವರಿಗೆ ಪುದುಚೇರಿ ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕಲೆಗಳ ವಿಭಾಗವಿದೆ. ಆಂಧ್ರ, ತೆಲಂಗಾಣದವರಿಗೆ ಹೈದರಾಬಾದ್ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಶಾಲೆಯಲ್ಲಿ ರಂಗಕಲೆಯ ಸ್ನಾತಕೋತ್ತರ ಪದವಿಯಿದೆ. ಮಹಾರಾಷ್ಟ್ರದವರಿಗೆ ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ, ಮುಂಬಯಿ ವಿಶ್ವವಿದ್ಯಾಲಯದ ನಾಟ್ಯ ವಿಭಾಗ ಇವೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೂ ಪ್ರದರ್ಶನ ಕಲೆಗಳ ವಿಭಾಗವಿದೆ. ಪ್ರವೇಶದ ನಿಯಮ, ಶುಲ್ಕ, ಅರ್ಜಿಯ ದಿನಾಂಕ ಆಗಾಗ ಬದಲಾಗುತ್ತವೆ. ಆದ್ದರಿಂದ ಯಾರೋ ಹೇಳಿದ್ದನ್ನು ನಂಬಿ ಕೂರದೆ, ಆಯಾ ವರ್ಷದ ಪ್ರಕಟಣೆಯನ್ನು ನೀವೇ ಓದಿ ನೋಡಿ.

ಪದವಿ ಮುಗಿದ ಕೂಡಲೇ ನೇರವಾಗಿ ಅಲ್ಲಿಗೆ ಹೋಗಬೇಕೆಂದೇನೂ ಇಲ್ಲ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರವಿದೆ. ಅದು ಸ್ನಾತಕೋತ್ತರವಲ್ಲ, ಆದರೆ ಕನ್ನಡದಲ್ಲಿಯೇ ನಾಟಕವನ್ನು ಶಿಸ್ತಿನಿಂದ ಕಲಿಯಲು ಒಂದು ವರ್ಷದ ಅವಕಾಶ. ಈ ಬಾಳು ತನಗೆ ಒಗ್ಗುತ್ತದೋ ಇಲ್ಲವೋ ಎಂಬುದು ಅಷ್ಟರಲ್ಲಿ ಮಕ್ಕಳಿಗೇ ತಿಳಿದುಹೋಗುತ್ತದೆ.

ಪ್ರವೇಶ ಪರೀಕ್ಷೆಯ ಬಗ್ಗೆ ಒಂದು ಮಾತು. ಬರವಣಿಗೆಯ ಪರೀಕ್ಷೆ ಇರಲಿ ಇಲ್ಲದಿರಲಿ, ಸಾಮಾನ್ಯವಾಗಿ ನಟನೆಯ ಪರೀಕ್ಷೆ ಮತ್ತು ಸಂದರ್ಶನ ಇರುತ್ತವೆ. ಒಂದೆರಡು ಪಾತ್ರಗಳ ಮಾತನ್ನು ಕಲಿತು ಹೋಗಬೇಕು. ಅಲ್ಲಿ ಕೊಟ್ಟ ಸನ್ನಿವೇಶವನ್ನು ಕೂಡಲೇ ಅಭಿನಯಿಸಬೇಕಾಗಬಹುದು. ನಮ್ಮ ಮಕ್ಕಳು ಮಾಡುವ ತಪ್ಪೆಂದರೆ ಸಿನಿಮಾ ನಟರನ್ನು ಅನುಕರಿಸುವುದು. ಪರೀಕ್ಷಕರು ನೋಡುವುದು ಹುಡುಗ ಈಗಾಗಲೇ ಎಷ್ಟು ಕಲಿತಿದ್ದಾನೆ ಎಂಬುದನ್ನಲ್ಲ, ಇನ್ನೆಷ್ಟು ಕಲಿಯಬಲ್ಲ ಎಂಬುದನ್ನು. ತನ್ನೂರಿನ ಆಟವನ್ನು ಕಣ್ಣಿಟ್ಟು ನೋಡಿದವನು, ಅದರ ಬಗ್ಗೆ ನಾಲ್ಕು ಮಾತು ಸ್ವಂತವಾಗಿ ಆಡಬಲ್ಲವನು ಹೆದರಬೇಕಾಗಿಲ್ಲ.

ಈಗ ಭಾಷೆಯ ಪ್ರಶ್ನೆ. ತೃಶ್ಶೂರಿನಲ್ಲಿ ಸುತ್ತಲೂ ಮಲಯಾಳ, ಪುಣೆಯಲ್ಲಿ ಮರಾಠಿ, ದೆಹಲಿಯಲ್ಲಿ ಹಿಂದಿ. ಪಾಠದಲ್ಲಿ ಇಂಗ್ಲಿಷೂ ಬೆರೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಮೊದಲ ಆರು ತಿಂಗಳು ಕಷ್ಟವೇ. ಆದರೆ ಎರಡು ಭಾಷೆಗಳ ನಡುವೆ ಬೆಳೆದದ್ದು ನಾಟಕಕ್ಕೆ ಬಂಡವಾಳ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಮಾತಾಡುವ ನಮ್ಮ ಮಕ್ಕಳ ಕಿವಿ ಚುರುಕು. ತಾಡಪತ್ರಿಯಲ್ಲಿ 1880ರಲ್ಲಿ ಹುಟ್ಟಿದ ಬಳ್ಳಾರಿ ರಾಘವರು ವಕೀಲರೂ ಆಗಿದ್ದರು, ತೆಲುಗು ಕನ್ನಡ ಎರಡೂ ರಂಗಭೂಮಿಗಳ ನಟರೂ ಆಗಿದ್ದರು. ಗಡಿನಾಡು ಅವರಿಗೆ ಅಡ್ಡಿಯಾಗಲಿಲ್ಲ.

ಇನ್ನೊಂದು ವಿಷಯವನ್ನು ಜತ್ತದ ಕೇಳುಗರು ಹೆಮ್ಮೆಯಿಂದ ನೆನೆಯಬಹುದು. ಕರ್ನಾಟಕದಿಂದ ಬಂದ ಭಾಗವತ ಮೇಳವೊಂದರ ಆಟ ಸಾಂಗಲಿಯ ಅರಮನೆಯಲ್ಲಿ ನಡೆಯಿತು. ಅದರಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾಸ್ವಯಂವರ' ಆಡಿಸಿದರು. ಆಧುನಿಕ ಮರಾಠಿ ರಂಗಭೂಮಿ ತನ್ನ ಆರಂಭವನ್ನು ಅಲ್ಲಿಂದಲೇ ಎಣಿಸುತ್ತದೆ. ಅಂದರೆ ನಾಟಕ ಗಡಿಯನ್ನು ಎಂದೋ ದಾಟಿದೆ. ಹೇಗೆ ದಾಟಿತು, ದಾಟುವಾಗ ಏನು ಬಿಟ್ಟಿತು, ಏನು ಹೊತ್ತು ತಂದಿತು ಎಂಬುದನ್ನು ಬರೆಯಲು ಎರಡೂ ಭಾಷೆ ಬಲ್ಲವರು ಬೇಕು. ಕುಂಬಳೆಯ ಪಾರ್ತಿಸುಬ್ಬನ ವಿಷಯವೂ ಹಾಗೆಯೇ. ಯಕ್ಷಗಾನ ರಾಮಾಯಣ ಪ್ರಸಂಗಗಳನ್ನು ಬರೆದವನು ಅವನೇ ಹೌದೋ ಅಲ್ಲವೋ ಎಂದು ವಿದ್ವಾಂಸರು ವರ್ಷಗಟ್ಟಲೆ ಚರ್ಚಿಸಿದ್ದಾರೆ. ಯಕ್ಷಗಾನಕ್ಕೂ ಕಥಕಳಿಗೂ ಇರುವ ನಂಟನ್ನು ಕನ್ನಡ, ಮಲಯಾಳ ಎರಡೂ ಬಲ್ಲ ಕಾಸರಗೋಡಿನ ವಿದ್ಯಾರ್ಥಿಯಲ್ಲದೆ ಇನ್ನು ಯಾರು ಅಷ್ಟು ಚೆನ್ನಾಗಿ ತೂಗಿಯಾರು?

ಇನ್ನು ಅನ್ನದ ಪ್ರಶ್ನೆ. ಇಲ್ಲಿ ಸುಳ್ಳು ಭರವಸೆ ಕೊಡಬಾರದು. ನಾಟಕದ ಪದವಿ ಹಿಡಿದು ಬಂದ ಕೂಡಲೇ ನೌಕರಿ ಕಾದಿರುವುದಿಲ್ಲ. ಎಂ.ಎ. ಪಡೆದವರು ಯು.ಜಿ.ಸಿ.ಯ ನೆಟ್ ಪರೀಕ್ಷೆಯನ್ನು ನಾಟಕ ವಿಷಯದಲ್ಲಿಯೂ ಬರೆದು ಅಧ್ಯಾಪಕರಾಗಬಹುದು. ಆದರೆ ಅಂಥ ಹುದ್ದೆಗಳು ಕಡಿಮೆ. ಕರ್ನಾಟಕದಲ್ಲಿ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದುಂಟು. ರಂಗಾಯಣದಂಥ ವೃತ್ತಿ ತಂಡಗಳಿವೆ. ಮಕ್ಕಳ ರಂಗಶಿಬಿರ, ಆಕಾಶವಾಣಿಯ ನಾಟಕ, ದೂರದರ್ಶನ, ಸಿನಿಮಾ, ಬೆಳಕು ಮತ್ತು ಪ್ರಸಾಧನದ ಕೆಲಸ ಇವೂ ಇವೆ. ಇವುಗಳಲ್ಲಿ ಹೆಚ್ಚಿನವು ತಿಂಗಳ ಸಂಬಳದ ಕೆಲಸಗಳಲ್ಲ. ಮೊದಲ ನಾಲ್ಕೈದು ವರ್ಷ ಕೈ ಬಿಗಿಯಾಗಿಯೇ ಇರುತ್ತದೆ. ಡಿಪ್ಲೊಮಾ ಸೇರುವುದಿದ್ದರೆ ಅದಕ್ಕೆ ಎಂ.ಎ.ಯ ಸಮಾನ ಮಾನ್ಯತೆ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಬಿ.ಎಡ್. ಕೂಡ ಮಾಡಿಟ್ಟುಕೊಂಡರೆ ತಪ್ಪೇನಿಲ್ಲ. ನಾಟಕ ಬಲ್ಲ ಮೇಷ್ಟ್ರ ಪಾಠ ಮಕ್ಕಳಿಗೆ ಚೆನ್ನಾಗಿಯೇ ತಲಪುತ್ತದೆ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೆಲ್ಲ ಸರಿ ಮಾಷ್ಟ್ರೇ, ಹೋದವಳು ಊರಿಗೆ ವಾಪಾಸು ಬಂದಾಳಾ?" ಎಂದು ಕೇಳಿದರು. ಅವರ ನಿಜವಾದ ಪ್ರಶ್ನೆ ಅದೇ ಆಗಿತ್ತು ಎಂದು ನನಗೆ ಆಗ ಗೊತ್ತಾಯಿತು. ಇದಕ್ಕೆ ಯಾವ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೂ ಉತ್ತರವಿಲ್ಲ. ನಾನು ಹೇಳಿದ್ದಿಷ್ಟೆ: "ಅಕ್ಕ, ಬರಲಿಕ್ಕೆ ಇಲ್ಲಿ ಏನಾದರೂ ಕೆಲಸ ಇದ್ದರೆ ಬಂದಾಳು. ಆಟ ಬಲ್ಲ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರ ಮಾತು, ಪದ, ಕುಣಿತ ಬರೆದಿಡುವವರಿಲ್ಲ. ಓದು ಕಲಿತು ಬಂದವಳು ಅದನ್ನು ಮಾಡಿಯಾಳು."

ಆಗ ಅಕ್ಕ ತಮ್ಮ ತಂದೆಯನ್ನು ನೆನೆದರು. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅರ್ಥ ಬರೆದಿಟ್ಟ ಅವರ ಪುಸ್ತಕಗಳು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಈಗಲೂ ಇವೆಯಂತೆ. ಎಷ್ಟು ಗೆದ್ದಲು ತಿಂದಿದೆಯೋ ನೋಡಿಲ್ಲವಂತೆ. ಹಾಗಾದರೆ ಮೊದಲು ಆ ಪೆಟ್ಟಿಗೆ ಇಳಿಸಿ, ಅರ್ಜಿ ಆಮೇಲೆ ಹಾಕಿದರಾಯಿತು ಎಂದೆ. ಮರುದಿನ ಬೆಳಗ್ಗೆ ಆ ಹುಡುಗಿ ಅಂಗಳದಲ್ಲಿ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ಬಿಸಿಲಿಗೆ ಹರಡುತ್ತಿದ್ದುದನ್ನು ನಮ್ಮ ಜಗಲಿಯಿಂದಲೇ ಕಂಡೆ.

ನಿಮ್ಮ ಮನೆಯ ಅಟ್ಟದಲ್ಲಿಯೂ ಅಂಥದೊಂದು ಪೆಟ್ಟಿಗೆ ಇದ್ದೀತು. ಇಳಿಸಿ ನೋಡಿ.