ರಕ್ತಕ್ಕೆ ಸೇರಿದ ಯೀಸ್ಟ್ ಯಾವ ಔಷಧಿಗೆ ಬಗ್ಗುತ್ತದೆ? ತರಗತಿಯಲ್ಲಿ ವಿವರಿಸುವ ಒಂದು ಬಗೆ

8ನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಯೀಸ್ಟ್ ಬರುವುದು ಬ್ರೆಡ್ ಉಬ್ಬಿಸುವ ಮಿತ್ರನಾಗಿ, ಆಂಟಿಬಯೋಟಿಕ್ ಬರುವುದು ರೋಗಾಣು ಕೊಲ್ಲುವ ಔಷಧಿಯಾಗಿ. ಎರಡನ್ನೂ ಓದಿದ ಮಗು ಯಾವ ಸೋಂಕಿಗಾದರೂ ಆಂಟಿಬಯೋಟಿಕ್ ಸಾಕು ಎಂದುಕೊಳ್ಳುವುದು ಸಹಜ. ಈ ಕಲ್ಪನೆಯನ್ನು ಅಲ್ಲಿಯೇ ತಿದ್ದಬೇಕು.

ಬ್ರೆಡ್ಡಿನ ಯೀಸ್ಟ್ ಬೇರೆ, ಕ್ಯಾಂಡಿಡಾ ಎಂಬ ಯೀಸ್ಟ್ ಬೇರೆ. ಕ್ಯಾಂಡಿಡಾ ನಮ್ಮ ಬಾಯಿ, ಕರುಳಿನಲ್ಲಿ ತೆಪ್ಪಗೆ ಇರುತ್ತದೆ. ತಡಸದ ಮಕ್ಕಳಿಗೆ ದೊಡ್ಡ ಆಸ್ಪತ್ರೆ ಎಂದರೆ ಹುಬ್ಬಳ್ಳಿ. ಅಂಥ ಕಡೆ ಐಸಿಯುನಲ್ಲಿ ಬಹಳ ದಿನ ಮಲಗಿದ ರೋಗಿಗೆ ಆಂಟಿಬಯೋಟಿಕ್ ಕೊಟ್ಟಾಗ ಕರುಳಿನ ಬ್ಯಾಕ್ಟೀರಿಯಾ ಸಾಯುತ್ತವೆ, ಯೀಸ್ಟಿಗೆ ಜಾಗ ಸಿಗುತ್ತದೆ. ಕರುಳಿನಿಂದಲೋ ರಕ್ತನಾಳಕ್ಕೆ ಹಾಕಿದ ನಳಿಕೆಯಿಂದಲೋ ಅದು ರಕ್ತ ಸೇರಬಹುದು. ಭಾರತದ 27 ಐಸಿಯುಗಳ 1400 ಪ್ರಕರಣಗಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರಲ್ಲಿ 30 ದಿನದೊಳಗೆ ತೀರಿಕೊಂಡವರು ನೂರಕ್ಕೆ ಸುಮಾರು 45. ಹೆಚ್ಚು ಸಿಕ್ಕಿದ ಪ್ರಭೇದ, ಪಠ್ಯಗಳಲ್ಲಿ ಹೆಸರಾದ ಆಲ್ಬಿಕನ್ಸ್ ಅಲ್ಲ, ಟ್ರಾಪಿಕಾಲಿಸ್.

ಯೀಸ್ಟಿಗೆ ಔಷಧಿ ಹುಡುಕುವುದು ಕಷ್ಟ, ಏಕೆಂದರೆ ಅದರ ಜೀವಕೋಶ ನಮ್ಮದರಂತೆಯೇ ಕೋಶಕೇಂದ್ರವುಳ್ಳದ್ದು. ವ್ಯತ್ಯಾಸ ಇರುವಲ್ಲೇ ಹೊಡೆಯಬೇಕು. ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟರಾಲ್, ಅದರಲ್ಲಿ ಎರ್ಗೊಸ್ಟೆರಾಲ್. ಫ್ಲೂಕೊನಜೋಲ್ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ; ಆಂಫೊಟೆರಿಸಿನ್-ಬಿ ಅದನ್ನೇ ಹಿಡಿದು ಪೊರೆ ಕೆಡಿಸುತ್ತದೆ, ಆದರೆ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಕ್ಯಾಸ್ಪೊಫಂಜಿನ್ ತಡೆಯುವುದು ನಮ್ಮಲ್ಲಿ ಇಲ್ಲದ ಕೋಶಭಿತ್ತಿಯ ರಚನೆಯನ್ನು. (ಆಂಫೊಟೆರಿಸಿನ್ ಗುಂಪಿಗೇ ಸೇರಿದ ಹ್ಯಾಮೈಸಿನ್ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ ಕನ್ನಡ ನಾಡಿನ ಎಂ.ಜೆ. ತಿರುಮಲಾಚಾರ್ ಅವರ ಕೆಲಸದಿಂದ ಬಂದದ್ದು. ಮಕ್ಕಳಿಗೆ ಇದನ್ನು ಹೇಳಲೇಬೇಕು.)

ಪ್ರಯೋಗಾಲಯದ ಪರೀಕ್ಷೆಯನ್ನು ಗಾಜಿನ ಲೋಟಗಳಲ್ಲಿ ತೋರಿಸಬಹುದು. ಮೊದಲ ಲೋಟದಲ್ಲಿ 100 ಮಿ.ಲೀ. ಶಾಯಿ ನೀರು, ಉಳಿದ ಏಳರಲ್ಲಿ 50 ಮಿ.ಲೀ. ಬರೀ ನೀರು. ಮೊದಲನೆಯದರಿಂದ 50 ಮಿ.ಲೀ. ಎರಡನೆಯದಕ್ಕೆ, ಕಲಸಿ ಅಷ್ಟೇ ಮೂರನೆಯದಕ್ಕೆ, ಹೀಗೆ ಸಾಗಿ ಕೊನೆಯದರಿಂದ 50 ಚೆಲ್ಲಬೇಕು. ಬಣ್ಣ ತೆಳುವಾಗುತ್ತ ಹೋಗುತ್ತದೆ. ಲೋಟಗಳಿಗೆ 64, 32, 16, 8, 4, 2, 1, 0.5 ಎಂದು ಚೀಟಿ ಅಂಟಿಸಿ: ಇದು ಒಂದು ಮಿ.ಲೀ.ಗೆ ಇಷ್ಟು ಮೈಕ್ರೊಗ್ರಾಂ ಔಷಧಿ ಎಂದರ್ಥ. ಪಕ್ಕದಲ್ಲಿ ಔಷಧಿಯಿಲ್ಲದ ಇನ್ನೊಂದು ಲೋಟ ಇರಲಿ. ನಿಜವಾದ ಪರೀಕ್ಷೆಯಲ್ಲಿ ಎಲ್ಲಕ್ಕೂ ಸಮಪ್ರಮಾಣದ ಯೀಸ್ಟ್ ಹಾಕಿ, 35 ಡಿಗ್ರಿಯಲ್ಲಿ ಸುಮಾರು 24 ಗಂಟೆ ಇಟ್ಟು, ಬೆಳವಣಿಗೆಯನ್ನು ತಡೆದ ಅತಿ ಕಡಿಮೆ ಪ್ರಮಾಣವನ್ನು ಓದುತ್ತಾರೆ. ಅದೇ ಎಂಐಸಿ. ಫ್ಲೂಕೊನಜೋಲಿಗೆ ಬೆಳವಣಿಗೆ ಪೂರ್ತಿ ನಿಲ್ಲಬೇಕಿಲ್ಲ, ಅರ್ಧಕ್ಕೆ ಇಳಿದರೆ ಸಾಕು. ಶಾಲೆಯಲ್ಲಿ ಯೀಸ್ಟ್ ಬೆಳೆಸುವ ಗೋಜಿಗೆ ಹೋಗದೆ, 'ಬೆಳೆದಿದೆ', 'ಕುಗ್ಗಿದೆ' ಎಂಬ ಕಾರ್ಡುಗಳನ್ನು ಲೋಟದ ಮುಂದೆ ಇಟ್ಟರಾಯಿತು.

ಮಕ್ಕಳು ಎಡವುವುದು ಇಲ್ಲಿಂದ ಮುಂದೆ. ಫ್ಲೂಕೊನಜೋಲಿನ ಎಂಐಸಿ 2, ಆಂಫೊಟೆರಿಸಿನ್ನಿನದು 1 ಎಂದರೆ ಚಿಕ್ಕ ಸಂಖ್ಯೆಯದೇ ಒಳ್ಳೆಯ ಔಷಧಿ ಎನ್ನುತ್ತಾರೆ. ಹಾಗಲ್ಲ. ಪ್ರತಿ ಔಷಧಿಯ ಡೋಸು, ಅದು ರಕ್ತದಲ್ಲಿ ತಲಪುವ ಮಟ್ಟ ಬೇರೆ ಬೇರೆ. ಆದ್ದರಿಂದ ಸಂಖ್ಯೆಯನ್ನು ಆ ಔಷಧಿ, ಆ ಪ್ರಭೇದದ ಕೋಷ್ಟಕದಲ್ಲೇ ನೋಡಬೇಕು. ಆಲ್ಬಿಕನ್ಸ್‌ಗೆ ಫ್ಲೂಕೊನಜೋಲ್ 2 ಅಥವಾ ಕಡಿಮೆ ಇದ್ದರೆ ಬಗ್ಗುತ್ತದೆ, 8 ಅಥವಾ ಹೆಚ್ಚಿದ್ದರೆ ಪ್ರತಿರೋಧ. 4 ಬಂದರೆ ಹೆಚ್ಚಿನ ಡೋಸಿಗೆ ಬಗ್ಗಬಹುದು.

ಹೀಗಾಗಿ ಯೀಸ್ಟಿನ ಹೆಸರು ಮೊದಲು ಗೊತ್ತಾಗಬೇಕು. 2009ರಲ್ಲಿ ಜಪಾನಿನಲ್ಲಿ ರೋಗಿಯೊಬ್ಬರ ಕಿವಿಯಿಂದ ಗುರುತಿಸಿದ ಕ್ಯಾಂಡಿಡಾ ಆರಿಸ್ ಸಾಮಾನ್ಯವಾಗಿ ಫ್ಲೂಕೊನಜೋಲಿಗೆ ಜಗ್ಗುವುದಿಲ್ಲ. ಹಳೆಯ ಗುರುತು ವಿಧಾನಗಳಲ್ಲಿ ಅದು ಬೇರೆ ಪ್ರಭೇದದ ಹೆಸರಿನಲ್ಲಿ ದಾಟಿಹೋಗುತ್ತಿತ್ತು.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ: ಕ್ಯಾಂಡಿಡಾ ಕ್ರೂಸಿಯೈ ಹುಟ್ಟಿನಿಂದಲೇ ಫ್ಲೂಕೊನಜೋಲಿಗೆ ಪ್ರತಿರೋಧವುಳ್ಳದ್ದು. ವರದಿಯಲ್ಲಿ ಈ ಹೆಸರು ಬಂದ ಮೇಲೆ ಆ ಔಷಧಿಯ ಎಂಐಸಿಗಾಗಿ ಇನ್ನೊಂದು ದಿನ ಕಾಯಬೇಕೆ?