ಎರಡು ಕಟ್ಟಡ, ಒಂದೇ ನೆಟ್‌ವರ್ಕ್

ಎದುರುಬದುರಿನ ಎರಡು ಕಟ್ಟಡಗಳ ಕಂಪ್ಯೂಟರುಗಳನ್ನು ಒಂದೇ ಜಾಲಕ್ಕೆ ಸೇರಿಸಲು ತಾಮ್ರದ ಲ್ಯಾನ್ ಕೇಬಲ್ ಎಳೆಯಬಹುದು. ಆದರೆ ಅದರ ಮಿತಿ 100 ಮೀಟರ್. ಫೈಬರ್ ಕಿಲೋಮೀಟರುಗಟ್ಟಲೆ ದೂರಕ್ಕೂ ಸೈ, ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ. ನಡುವೆ ಸಾರ್ವಜನಿಕ ರಸ್ತೆಯಿದ್ದರೆ ಮಾತ್ರ ಅಗೆಯುವ ಅನುಮತಿಗೆ ಅಲೆಯಬೇಕು. ಅಂಥಲ್ಲಿ ನೆರವಿಗೆ ಬರುವುದು ವೈರ್‌ಲೆಸ್ ಬ್ರಿಡ್ಜ್.

ಎರಡೂ ತಾರಸಿಗಳ ಮೇಲೆ ಒಂದೊಂದು ಆಕ್ಸೆಸ್ ಪಾಯಿಂಟನ್ನು, ಅಂದರೆ ವೈ-ಫೈ ರೇಡಿಯೋವನ್ನು, ಪರಸ್ಪರ ಮುಖಮಾಡಿ ಕೂರಿಸಲಾಗುತ್ತದೆ. ಕೆಳಗಿನ ನೆಟ್‌ವರ್ಕ್ ಸ್ವಿಚ್‌ನಿಂದ ಬರುವ ಒಂದೇ ಕೇಬಲ್ ಡೇಟಾವನ್ನೂ ವಿದ್ಯುತ್ತನ್ನೂ ಒಯ್ಯುತ್ತದೆ. ಮನೆಯ ವೈ-ಫೈನಲ್ಲಿ ಪ್ರತಿ ಫ್ರೇಮಿಗೆ (ಡೇಟಾದ ತುಣುಕಿಗೆ) ಸಾಮಾನ್ಯವಾಗಿ ಮೂರು ವಿಳಾಸಗಳಿದ್ದರೆ ಬ್ರಿಡ್ಜ್‌ನಲ್ಲಿ ನಾಲ್ಕು: ಡೇಟಾ ಹೊರಟ ಕಂಪ್ಯೂಟರ್, ಅದು ಸೇರಬೇಕಾದ ಕಂಪ್ಯೂಟರ್, ನಡುವಿನ ಎರಡು ರೇಡಿಯೋಗಳು. ಹೀಗಾಗಿ ಎರಡೂ ಕಡೆಯ ಕಂಪ್ಯೂಟರುಗಳು ಒಂದೇ ಸ್ವಿಚ್‌ಗೆ ಸಿಕ್ಕಿಸಿದಂತೆ ವರ್ತಿಸುತ್ತವೆ. ಭಾರತದಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್ ತರಂಗಪಟ್ಟಿಯ ಬಹುಭಾಗ ಲೈಸೆನ್ಸ್‌ಮುಕ್ತವಾದ ಮೇಲೆ ಹೊರಾಂಗಣದ ಇಂಥ ಕೊಂಡಿಗಳಿಗೆ ದಾರಿ ಸಲೀಸಾಯಿತು.

ಕೆಲಸ ಕೆಡುವುದು ಹೆಚ್ಚಾಗಿ ನಡುವಿನ ಬಯಲಿನಲ್ಲಿ. ಒಂದು ತಾರಸಿಯಿಂದ ಇನ್ನೊಂದು ಕಣ್ಣಿಗೆ ಕಂಡರೆ ಸಾಲದು. ರೇಡಿಯೋ ಅಲೆಗೆ ನೇರ ಗೆರೆಯ ಸುತ್ತಲೂ ಜಾಗ ಬೇಕು. ಇದೇ ಫ್ರೆನೆಲ್ ವಲಯ. 5.8 ಗಿಗಾಹರ್ಟ್ಸ್‌ನಲ್ಲಿ 1 ಕಿಲೋಮೀಟರ್ ಕೊಂಡಿಯ ನಟ್ಟನಡುವೆ ಅದರ ತ್ರಿಜ್ಯ ಸುಮಾರು 3.6 ಮೀಟರ್. ಅದರಲ್ಲಿ ಶೇ. 60ರಷ್ಟಾದರೂ ತೆರವಾಗಿರಬೇಕು. ಬೇಸಿಗೆಯಲ್ಲಿ ಎಲೆ ಉದುರಿದ ಮರದ ಸಂದಿಯಿಂದ ಚೆನ್ನಾಗಿ ನಡೆದ ಕೊಂಡಿ ಮಳೆಗಾಲದಲ್ಲಿ ಕೈಕೊಡುವುದು ಇದಕ್ಕೇ. ಈ ಆವರ್ತನದಲ್ಲಿ ಮಳೆಹನಿಗಳಿಂದ ಅಷ್ಟೇನೂ ತೊಂದರೆಯಿಲ್ಲ, ನೆನೆದ ಸೊಪ್ಪು ಅಲೆಯನ್ನು ಹೀರಿಬಿಡುತ್ತದೆ. ಕಂಬವನ್ನು ಎರಡಾಳು ಎತ್ತರಿಸುವುದು ದುಬಾರಿ ರೇಡಿಯೋ ಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಎತ್ತರಿಸಿದ ಕಂಬಕ್ಕೆ ಅರ್ಥಿಂಗ್, ಕೇಬಲ್‌ಗೆ ಸರ್ಜ್ ಪ್ರೊಟೆಕ್ಟರ್ ಇಲ್ಲದಿದ್ದರೆ ಸಿಡಿಲು ಸ್ವಿಚ್‌ವರೆಗೂ ಇಳಿದೀತು.

ಪೆಟ್ಟಿಗೆಯ ಮೇಲೆ ಅಚ್ಚಾದ ವೇಗದ ಅರ್ಧದಷ್ಟು ಸಿಕ್ಕರೂ ಒಳ್ಳೆಯದೇ. ಎರಡು ರೇಡಿಯೋಗಳೂ ಒಂದೇ ಚಾನೆಲ್‌ನಲ್ಲಿ ಸರದಿಯಂತೆ ಮಾತಾಡುತ್ತವೆ. ಒಂದು ಮುಖ್ಯ ಕಟ್ಟಡಕ್ಕೆ ಹಲವು ಕಟ್ಟಡಗಳನ್ನು ಜೋಡಿಸಿದರೆ ಆ ವೇಗವೂ ಹಂಚಿಹೋಗುತ್ತದೆ. ಸಂಕೇತ ಕಾಂಪೌಂಡಿನಾಚೆಗೂ ಹರಡುವುದರಿಂದ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಗೂಢಲಿಪೀಕರಣ ಬೇಕೇ ಬೇಕು. ಅದೇ ಎರಡು ಕಟ್ಟಡಗಳ ನಡುವೆ ಹಳೆಯ ಕೇಬಲ್ಲೂ ಉಳಿದಿದ್ದರೆ ಡೇಟಾ ಸುತ್ತುಹೊಡೆಯುತ್ತಾ ಇಡೀ ಜಾಲ ಸ್ಥಗಿತವಾಗುತ್ತದೆ. ಸ್ವಿಚ್‌ಗಳಲ್ಲಿ ಇಂಥ ಸುತ್ತನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಚಾಲೂ ಇದ್ದರೆ ಇದು ತಪ್ಪುತ್ತದೆ.

ದೂರ ಹೆಚ್ಚಿದಂತೆ ಬೇರೊಂದು ತೊಡಕು. ಪ್ಯಾಕೆಟ್ ತಲುಪಿತೆಂಬ ಉತ್ತರಕ್ಕೆ ವೈ-ಫೈ ಕಾಯುವುದು ಕೆಲವೇ ಮೈಕ್ರೋಸೆಕೆಂಡು. ಉತ್ತರ ತಡವಾದರೆ ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತದೆ. ತಮಿಳುನಾಡಿನ ಥೇಣಿಯ ಅರವಿಂದ ಕಣ್ಣಾಸ್ಪತ್ರೆಯನ್ನು ದೂರದ ಹಳ್ಳಿಗಳ ದೃಷ್ಟಿ ಕೇಂದ್ರಗಳಿಗೆ ವೈ-ಫೈ ಮೂಲಕ ಜೋಡಿಸಿದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಪ್ರತಿ ಪ್ಯಾಕೆಟ್ಟಿಗೂ ಕಾಯುವುದನ್ನು ಬಿಡಿಸಿ, ಎರಡೂ ತುದಿಗಳಿಗೆ ಮಾತಿನ ಸರದಿಯ ಹೊತ್ತನ್ನು ಗೊತ್ತುಮಾಡಿದರು. ಹಳ್ಳಿಯ ರೋಗಿ ಅಲ್ಲಿಂದಲೇ ವಿಡಿಯೋ ಮೂಲಕ ವೈದ್ಯರಿಗೆ ಕಣ್ಣು ತೋರಿಸುವಂತಾಯಿತು.