ನರಗಂಟು ಮತ್ತು ಪೆಟ್ ಸ್ಕ್ಯಾನ್

ಮೈಮೇಲೆ ಕಂದು ಮಚ್ಚೆ, ಮೆತ್ತನೆಯ ಗಂಟುಗಳಿದ್ದರೆ ಅದು ನ್ಯೂರೋಫೈಬ್ರೊಮಾಟೋಸಿಸ್ ಇರಬಹುದು. ವಂಶವಾಹಿಯ ದೋಷದಿಂದ ಬರುವ ಇದು ಅಂಟುರೋಗವಲ್ಲ, ಶಾಪವೂ ಅಲ್ಲ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಯಾವುದಾದರೂ ಗಂಟು ಬೇಗ ಬೆಳೆದರೆ, ಗಟ್ಟಿಯಾದರೆ, ಬಿಡದೆ ನೋಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ವೈದ್ಯರು ಪೆಟ್ ಸ್ಕ್ಯಾನ್ ಹೇಳಬಹುದು. ಅಲ್ಪ ವಿಕಿರಣವಿರುವ ಸಕ್ಕರೆಯಂಥ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಜೀವಕೋಶಗಳು ಅದನ್ನು ಹೆಚ್ಚು ಹೀರುವುದರಿಂದ ಚಿತ್ರದಲ್ಲಿ ಹೊಳೆಯುತ್ತವೆ. ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಚೂರು ತೆಗೆದು ಪರೀಕ್ಷಿಸಿದ ಮೇಲೆಯೇ ಖಚಿತ.

ಬೇತಮಂಗಲದಿಂದ ಸ್ಕ್ಯಾನಿಗೆ ಬೆಂಗಳೂರಿಗೆ ಹೊರಟವರು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಾಫಿ ಕುಡಿಯಬೇಡಿ. ಸುಮಾರು 6 ಗಂಟೆ ಉಪವಾಸವಿರಬೇಕು, ನೀರು ಮಾತ್ರ ಕುಡಿಯಬಹುದು. ಸಕ್ಕರೆ ಕಾಯಿಲೆ ಇದ್ದವರು, ಗರ್ಭಿಣಿಯರು ಮೊದಲೇ ತಿಳಿಸಿ. ವಿಕಿರಣ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. ಆ ದಿನ ಹಸುಗೂಸನ್ನು ಎತ್ತಿಕೊಳ್ಳಬೇಡಿ.